ಸೊಸೆಯ ಅಪ್ಪಣೆ

"ಆ ಯಂತ್ರದೊಳಗೆ ನಾನು ಹೋಗಲ್ಲ" ಎಂದು ಅತ್ತೆ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಕೂತರು. ನಿವೃತ್ತ ಮುಖ್ಯೋಪಾಧ್ಯಾಯಿನಿ, ಇಲ್ಲ ಎಂದರೆ ಇಲ್ಲ. ಮರೆವಿನ ಕಾಯಿಲೆ ಬಂದ ಮೇಲೆ ಎಷ್ಟೋ ಹೆಸರು, ಮುಖಗಳು ಹೋದವು. ಹಠ ಮಾತ್ರ ಹಾಗೇ ಉಳಿದಿತ್ತು.

ಎದುರಿಗೆ ನಿಂತಿದ್ದ ವೈದ್ಯೆ ಅವರ ಸೊಸೆಯೇ. ಆದರೆ ಬಿಳಿ ಕೋಟು ತೊಟ್ಟು ಕೂದಲು ಎತ್ತಿ ಕಟ್ಟಿದ ಈಕೆ ಯಾರೆಂದು ಅತ್ತೆಗೆ ಹೊಳೆಯಲಿಲ್ಲ.

"ಯಾಕೆ ಹೋಗ್ಬೇಕು? ಉದಾಹರಣೆ ಸಮೇತ ವಿವರಿಸಿ."

ಸೊಸೆ ಸ್ಟೂಲ್ ಎಳೆದುಕೊಂಡು ಕೂತಳು. "ಮಿದುಳಲ್ಲಿ ಕಾವಲಿಗೆ ಅಂತಾನೇ ಕೆಲವು ಜೀವಕೋಶ ಇರ್ತವೆ. ಕಸ ಕಂಡ್ರೆ ತಿಂದು ಶುಚಿ ಮಾಡ್ತವೆ. ಈ ಕಾಯಿಲೇಲಿ ಕಸ ಜಾಸ್ತಿಯಾಗಿ ಅವು ರೇಗಿಬಿಡ್ತವೆ. ಆಗ ಕಸದ ಜೊತೆ ಒಳ್ಳೇದನ್ನೂ ಕಿತ್ತು ಹಾಕ್ತವೆ."

"ಓ, ಕ್ಲಾಸ್ ಲೀಡರ್‌ಗಳ ಥರ. ಗಲಾಟೆ ಮಾಡೋರನ್ನ ಹೊರಗೆ ನಿಲ್ಲಿಸು ಅಂದ್ರೆ ಸುಮ್ಮನೆ ಕೂತೋರನ್ನೂ ನಿಲ್ಲಿಸ್ತಾರೆ."

"ಹಾಗೇ. ನಿಮ್ಮವು ಎಷ್ಟು ರೇಗಿವೆ ಅಂತ ಈ ಸ್ಕ್ಯಾನ್ ಯಂತ್ರದಲ್ಲಿ ಕಾಣುತ್ತೆ. ಆಮೇಲೆ ಔಷಧಿ ಬಗ್ಗೆ ಯೋಚಿಸಬಹುದು."

"ಪಾಠ ಚೆನ್ನಾಗಿ ಮಾಡ್ತೀರಿ" ಎಂದರು ಅತ್ತೆ. "ಆದ್ರೂ ನನ್ನ ಸೊಸೇನ ಕೇಳದೆ ನಾನು ಎಲ್ಲಿಗೂ ಬರಲ್ಲ."

ಯಂತ್ರ ನಡೆಸುವವನು ಗಡಿಯಾರ ನೋಡಿದ. ಇವತ್ತು ತಪ್ಪಿದರೆ ಮತ್ತೆ ಸರದಿ ಬರಲು ತಿಂಗಳುಗಳೇ ಬೇಕು. "ನೀವೇ ಸೊಸೆ ಅಂತ ಹೇಳಿಬಿಡಿ ಮೇಡಂ" ಎಂದು ಪಿಸುಗುಟ್ಟಿದ.

"ಹೇಳಿ ಆಯ್ತು. ಡಾಕ್ಟ್ರಾಗಿ ಸುಳ್ಳು ಹೇಳ್ತೀರಾ ಅಂತ ಬೈಸ್ಕೊಂಡೂ ಆಯ್ತು."

ಅವಳು ಹೊರಗೆ ಹೋದಳು. ಕೋಟು ಬಿಚ್ಚಿ ಮೊಳೆಗೆ ತೂಗುಹಾಕಿದಳು. ಕೂದಲು ಇಳಿಬಿಟ್ಟು, ಬಾಗಿಲು ತಳ್ಳಿ ಮತ್ತೆ ಒಳಗೆ ಬಂದು ಮೆಲ್ಲನೆ ಕರೆದಳು: "ಅತ್ತೆ."

ಅತ್ತೆಯ ಮುಖ ಅರಳಿತು. "ಬಂದ್ಯಾ? ಎಷ್ಟು ಹೊತ್ತು ಕಾಯೋದು ನಿನ್ನ. ಇಲ್ಲಿ ಡಾಕ್ಟ್ರೊಬ್ಬರು ಯಂತ್ರಕ್ಕೆ ಕರೀತಿದ್ದಾರೆ. ಹೋಗಲಾ?"

"ಹೋಗಿ ಅತ್ತೆ. ನಾನು ಇಲ್ಲೇ ಇರ್ತೀನಿ." ಅವಳು ನಗುತ್ತ ಕೈ ಚಾಚಿದಳು.

"ನೀನು ಹೇಳಿದ್ಮೇಲೆ ಮುಗೀತು." ಅತ್ತೆ ಅವಳ ಕೈ ಹಿಡಿದು ಎದ್ದರು. ಯಂತ್ರದ ಮಂಚದ ಮೇಲೆ ಮಲಗುವ ಮುನ್ನ ಅವಳ ಕಿವಿಗೆ ಬಾಗಿ ದನಿ ತಗ್ಗಿಸಿದರು.

"ಆ ಡಾಕ್ಟ್ರು ಪಾಪ, ಒಳ್ಳೇ ಹೆಣ್ಣುಮಗಳು. ಮುಖ ನೋಡಿದ್ರೆ ನಿದ್ದೆ ಮಾಡಿ ಎಷ್ಟು ದಿನ ಆಯ್ತೋ ಅನ್ಸುತ್ತೆ. ನೋಡ್ಕೊಳ್ಳೋಕೆ ಮನೇಲಿ ಅತ್ತೆಗಿತ್ತೆ ಇದ್ದಾರಾ ಅಂತ ಸ್ವಲ್ಪ ವಿಚಾರಿಸು."