ಎಡಬದಿಯವನ ಕ್ಷಮಾಪಣೆ

ರಾಷ್ಟ್ರಗೀತೆಗಳು ಮುಗಿಯುತ್ತಲೇ ಎರಡೂ ತಂಡದವರು ಕುರ್ಚಿಗಳಲ್ಲಿ ಕೂತರು. ದೇಶಗಳ ಬಲಾಬಲ ತೂಗಿ ಯಂತ್ರವೇ ಫಲಿತಾಂಶ ಹೇಳುವಾಗ, ಬಿಸಿಲಲ್ಲಿ ಚೆಂಡಿನ ಹಿಂದೆ ಓಡುವ ಮೂರ್ಖ ಯಾರು? ಬೆಳಗಾವಿಯ ಫುಟ್‌ಬಾಲ್ ಮೈದಾನ ಮಾತ್ರ ಎಂದಿನಂತೆ ಕಿಕ್ಕಿರಿದಿತ್ತು. ಪರದೆಯ ಮೇಲೆ ಅಕ್ಷರಗಳು ಮೂಡಿದವು: ‘ಭಾರತ: ನಡುಮೈದಾನ ಗಟ್ಟಿ, ಎಡಬದಿಯ ರಕ್ಷಣೆ ಜಾಳು. ಮೂರು–ಸೊನ್ನೆ ಸೋಲು.’

ಎಡಬದಿ ಎಂದರೆ ಬಾಳೇಶ. ಭಾರತದ ಅಂಗಿ ತೊಟ್ಟು ವರ್ಷಗಳಾಗಿದ್ದರೂ ಅವನ ಕಾಲಿಗೆ ಒಮ್ಮೆಯೂ ಚೆಂಡು ತಾಗಿರಲಿಲ್ಲ.

“ಸರ, ಒಂದ್ಸಲ ಓಡಿ ತೋರಸ್ಲೇನ್ರೀ?”

“ಸುಮ್ನ ಹೋಗಿ ಕ್ಷಮಾ ಕೇಳಪಾ, ಪದ್ಧತಿ ಐತಿ,” ಎಂದರು ಕೋಚ್ ದೇಸಾಯಿ.

ಸೋತ ತಂಡದ ದುರ್ಬಲ ಆಟಗಾರ ಜನರ ಕ್ಷಮೆ ಕೇಳಿ, ತನ್ನನ್ನು ಮೀರಿಸಿದವನ ಕೈ ಕುಲುಕಬೇಕು. ಬಾಳೇಶ ಮೈಕಿನೆದುರು ಕೈಮುಗಿದ. ಜನ ಛೀ, ಥೂ ಎಂದು ಉಗಿದರು. ಅವನನ್ನು ಮೂರು ಸಲ ಓಟದಲ್ಲಿ ಹಿಂದಿಕ್ಕಿದನೆಂದು ಯಂತ್ರ ಹೇಳಿದ್ದ ಎದುರಾಳಿ, ಬೊಜ್ಜಿನ ಭಾರಕ್ಕೆ ಏದುಸಿರು ಬಿಡುತ್ತ, ಊರುಗೋಲು ಊರಿಕೊಂಡು ವೇದಿಕೆಗೆ ಬಂದ. ಕೈ ಕುಲುಕಿ ಇಳಿಯುವಾಗ ಮೆಟ್ಟಿಲಲ್ಲಿ ಮುಗ್ಗರಿಸಿದ. ಬಾಳೇಶ ಒಂದೇ ನೆಗೆತಕ್ಕೆ ಹೋಗಿ ಅವನನ್ನು ಹಿಡಿದುಕೊಂಡ.

“ಈಗ ಹಿಡದಿ ಮಗನ! ಆಟದಾಗ ಎಲ್ಲಿ ಸತ್ತಿದ್ದಿ?” ಎಂದು ಇಡೀ ಮೈದಾನ ಅರಚಿತು.