ಹಲಸಿನ ಮರದ ಮೆಣಸು

ಕೊಂಬೆ ಕಡಿಯಲು ಆಂಜಿನಪ್ಪ ಮಚ್ಚು ಹಿಡಿದು ಹಿತ್ತಲಿಗೆ ಬಂದಾಗ ಮುನಿಶಾಮಮ್ಮ ಹಲಸಿನ ಮರದಡಿ ಕಸ ಗುಡಿಸುತ್ತಿದ್ದಳು. ಪೊರಕೆಯ ಮುಂದೆ ಏನೋ ಕೆಂಪಗೆ ಉರುಳಿತು. ಬಟಾಣಿಗಿಂತ ಚಿಕ್ಕ ಹಣ್ಣು, ಹಕ್ಕಿ ಕುಕ್ಕಿ ಬೀಳಿಸಿದ್ದು. ಸೆರಗಿಗೆ ಒರೆಸಿ ಬಾಯಿಗೆ ಹಾಕಿಕೊಂಡಳು. ಮೊದಲು ಕೊಂಚ ಸಿಹಿ, ಕಚ್ಚಿದ್ದೇ ನಾಲಿಗೆ ಚುರ್ರೆಂದಿತು.

ಆರು ವರ್ಷದ ಹಿಂದೆ, ಎಪ್ಪತ್ಮೂರರಲ್ಲಿ, ಧರ್ಮಸ್ಥಳಕ್ಕೆ ಹೋದವಳು ಒದ್ದೆಬಟ್ಟೆಯಲ್ಲಿ ಸುತ್ತಿ ತಂದಿದ್ದ ಮೆಣಸಿನ ಬಳ್ಳಿ. ಟೇಕಲ್ ಕಡೆ ಕಾಳುಮೆಣಸನ್ನು ಅಂಗಡಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವರಿಲ್ಲ. ಬಿಸಿಲೇ ಬೀಳದ ಆ ಹಿತ್ತಲಲ್ಲಿ ಬಚ್ಚಲ ನೀರು ಕುಡಿದು ಅದು ಮರವನ್ನು ತಬ್ಬಿಕೊಂಡು ಹಬ್ಬಿತ್ತೇ ಹೊರತು ಒಂದು ಕಾಳೂ ಕಂಡಿರಲಿಲ್ಲ. ಬಂದ ನೆಂಟರು ವೀಳ್ಯದೆಲೆಯೆಂದು ಕಿತ್ತು, ಅಡಿಕೆ ಜೊತೆ ಜಗಿದು, ಮುಖ ಕಿವುಚಿ ಉಗಿದಿದ್ದರು.

ಗಂಡ ಸೊಣ್ಣಪ್ಪ ಏಣಿ ತಂದು ಮರಕ್ಕೆ ಒರಗಿಸಿದ. ನೆರಳಿಗೆ ಪಕ್ಕದ ಹಿಪ್ಪುನೇರಳೆ, ರೇಷ್ಮೆಹುಳದ ಸೊಪ್ಪಿನ ಗಿಡ, ಸೊರಗುತ್ತಿತ್ತು. ಇವತ್ತು ಕೊಂಬೆಗಳೆಲ್ಲ ಉರುಳಬೇಕಿತ್ತು.

"ತಡೀರಿ. ಮೇಲೆ ಮೆಣಸು ಬಿಟ್ಟೈತೆ," ಎಂದಳು.

"ಮಿರಿಯಾಲಾ? ನಮ್ ಸೀಮೇಲಾ?" ಆಂಜಿನಪ್ಪ ನಕ್ಕ. "ಯಾವ್ದೋ ಕಾಡುಹಣ್ಣಿರ್ಬೇಕು ಕಣಕ್ಕ."

"ಎಲ್ಲೈತೆ, ತೋರ್ಸು," ಸೊಣ್ಣಪ್ಪ ಕತ್ತೆತ್ತಿ ನೋಡಿದ. ಎಲೆ ಬಿಟ್ಟರೆ ಏನೂ ಕಾಣಲಿಲ್ಲ.

ಮುನಿಶಾಮಮ್ಮ ಪೊರಕೆ ಬಿಸಾಕಿ, ಸೀರೆ ಎತ್ತಿ ಕಚ್ಚೆ ಹಾಕಿ ಏಣಿ ಹತ್ತಿಯೇ ಬಿಟ್ಟಳು. "ಲೇ, ಮೂರು ಮೊಮ್ಮಕ್ಕಳ ಅಜ್ಜಿ ಕಣೇ ನೀನು, ಬಿದ್ದೀಯ," ಎಂದು ಸೊಣ್ಣಪ್ಪ ಕೂಗುವಷ್ಟರಲ್ಲಿ ಏಣಿ ಮುಗಿದು ಅವಳ ಕಾಲು ಕೊಂಬೆಯ ಮೇಲಿತ್ತು. ತವರಿನ ಹುಣಸೆಮರಗಳು ಕಲಿಸಿದ್ದನ್ನು ಕೈಕಾಲು ಮರೆತಿರಲಿಲ್ಲ. ದಟ್ಟ ಎಲೆ ದಾಟಿ ತಲೆ ಎತ್ತಿದರೆ ಬೆಳಕು. ಅಲ್ಲಿ ಬಳ್ಳಿಯ ತುಂಬ ಗೊಂಚಲು: ಹಸಿರು, ಹಳದಿ, ಕೆಂಪು. ಅವಳಿಗೆ ನಗು ತಡೆಯಲಾಗಲಿಲ್ಲ. ಒಂದು ಗೊಂಚಲು ಕಿತ್ತು ಕೆಳಗೆಸೆದಳು.

ಸೊಣ್ಣಪ್ಪ ಕಾಳೊಂದನ್ನು ಕಚ್ಚಿದ. ಕಣ್ಣಲ್ಲಿ ನೀರು ಬಂತು. ಇನ್ನೊಂದನ್ನು ಕಚ್ಚಿದ.

"ಮಚ್ಚು ಒಳಗಿಡಪ್ಪ ಆಂಜಿನಪ್ಪ. ಕಾಫಿ ಕುಡ್ಕೊಂಡು ಹೋಗು."

"ಮತ್ತೆ ಸೊಪ್ಪಿನ ಗಿಡ?"

"ಕೆರೆ ಕಡೆ ಹೊಲದಾಗೆ ಹಾಕ್ತೀನಿ. ಅಲ್ಲಿ ಬೇಕಾದಷ್ಟು ಬಿಸಿಲೈತೆ." ಆಮೇಲೆ ಮೇಲಕ್ಕೆ ಕೂಗಿದ. "ನೀನೇ ಗೆದ್ದೆ ಕಣೇ, ಇನ್ನಾದ್ರೂ ಇಳಿ."

ದೂರದಲ್ಲಿ ರೈಲು ಕೂಗಿತು.

"ಇರು," ಎಂದಳು ಮುನಿಶಾಮಮ್ಮ. "ಮದ್ವೆಯಾಗಿ ಬಂದಾಗಿಂದ ಈ ಹಿತ್ತಲಲ್ಲಿ ನಿಂತು ಇದರ ಕೂಗು ಕೇಳಿದ್ದೇ ಆಯ್ತು. ಇಲ್ಲಿಗೆ ಪೂರ್ತಿ ಕಾಣ್ತದೆ. ಬೆಟ್ಟದ ಪಕ್ಕದಾಗೆ ಬರ್ತೈತೆ."

ಸೊಣ್ಣಪ್ಪ ಏಣಿಯ ಬುಡ ಹಿಡಿದು ನಿಂತ.

"ಎಷ್ಟು ಡಬ್ಬಿ ಅವೆ?"

ಅವಳು ಮರದ ನೆತ್ತಿಯಿಂದ ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸತೊಡಗಿದಳು. ಕೆಳಗೆ ಸೊಣ್ಣಪ್ಪ ಒಂದು ಕೈಯಲ್ಲಿ ಏಣಿ ಹಿಡಿದು, ಇನ್ನೊಂದರಲ್ಲಿ ಬೆರಳು ಮಡಚುತ್ತ ಹೋದ.