ಅಪ್ಪ ಇಳಿಯುವವರೆಗೆ ಪೊರಕೆ ಮುಟ್ಟಬಾರದು

ಶಕುಂತಲಮ್ಮ ಮಗಳು ಶ್ವೇತಳ ಕೈಯಿಂದ ಪೊರಕೆ ಕಿತ್ತುಕೊಂಡರು.

"ಊರಿಗೆ ಹೊರಟೋರು ತಲುಪೋವರೆಗೂ ಮನೆ ಗುಡಿಸ್ಬಾರ್ದು ಅಂತ ಗೊತ್ತಿಲ್ವಾ? ನಿಮ್ಮಪ್ಪ ಇನ್ನೂ ಆಕಾಶದಲ್ಲೇ ಅವ್ರೆ!"

ಅಪ್ಪ ರಾಮಲಿಂಗಯ್ಯ ಮುಂಜಾನೆಯೇ ಸೀರೆ ಗಂಟು ಹೊತ್ತು ದೇವನಹಳ್ಳಿಯ ಏರ್‌ಪೋರ್ಟಿಗೆ ಹೋಗಿದ್ದರು. ನಾಳೆ ಗುವಾಹಟಿಯಲ್ಲಿ ಮಾರಾಟ ಮೇಳ. ಹನ್ನೆರಡಕ್ಕೆ ಹುಡುಗಿ ನೋಡಲು ಬರುತ್ತೇವೆಂದು ನಂದನ್ ಮನೆಯವರು ತಿಳಿಸಿದ್ದು ಅವರು ಹೊರಟ ಮೇಲೆ. ವಿಷಯ ಹೇಳಿದರೆ, "ಅಯ್ಯೋ, ಇವತ್ತೇನಾ? ನೀನೇ ಸುಧಾರಿಸು" ಎಂದು ಫೋನ್ ಇಟ್ಟಿದ್ದರು.

ದೊಡ್ಡಬಳ್ಳಾಪುರದ ಮಗ್ಗದ ಮನೆಯೆಂದರೆ ಕೇಳಬೇಕೆ! ನೆಲ, ಕುರ್ಚಿ, ದೇವರ ಪಟ, ಎಲ್ಲೆಲ್ಲೂ ನೂಲಿನ ಜುಂಗು. ಹಿಂದಿನ ಸಂಬಂಧ ಮುರಿದದ್ದೇ ಅದರಿಂದ. ಹುಡುಗನ ತಾಯಿ ಒಂದೇ ಸಮನೆ ಸೀನಿ, ಕಾಫಿ ಅರ್ಧಕ್ಕೆ ಬಿಟ್ಟು ಎದ್ದುಹೋಗಿದ್ದರು. ಆಗ ಶ್ವೇತಳಿಗೆ ನಗು ಬಂದಿತ್ತು. ಈ ಸಲ ನಗುವ ಹಾಗಿರಲಿಲ್ಲ. ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿದ್ದ ನಂದನ್ ಅವಳಿಗೆ ನಿಜಕ್ಕೂ ಇಷ್ಟವಾಗಿದ್ದ.

ಅವಳು ಮೊಬೈಲಿನಲ್ಲಿ ಹುಡುಕಿದಳು. "ಗುವಾಹಟಿ ಎರಡು ಸಾವಿರ ಕಿಲೋಮೀಟರ್ ಮೇಲಿದೆ ಅಮ್ಮ. ಮೂರು ಗಂಟೆ ಹಾರ್ಬೇಕು. ಹತ್ತಕ್ಕೆ ಬಿಟ್ಟಿರೋ ವಿಮಾನ ಇಳಿಯೋದು ಒಂದಕ್ಕೆ. ಅಷ್ಟೊತ್ತಿಗೆ ಅವರು ಸೀನಿ ಸೀನಿ ವಾಪಸ್ ಹೋಗಿರ್ತಾರೆ!"

"ಹತ್ತಿರದ ಊರೋರು ಯಾರೂ ಸೀರೆ ಉಡಲ್ವಾ? ಈ ಮನುಷ್ಯಂಗೆ ಅಷ್ಟು ದೂರಾನೇ ಆಗ್ಬೇಕಿತ್ತಾ?"

"ಕೈಯಲ್ಲಾದ್ರೂ ಆಯ್ಕೊಳ್ಲಾ?"

"ಅದೂ ಗುಡಿಸಿದಂಗೇ. ಸುಮ್ನೆ ಕೂತ್ಕೊ."

ಹನ್ನೊಂದಾಯಿತು. ಶ್ವೇತಳ ಕಣ್ಣು ತುಂಬಿತು. ಮಗಳ ಮುಖ ನೋಡಿಯೂ ಶಕುಂತಲಮ್ಮ ಪೊರಕೆ ಬಿಡಲಿಲ್ಲ. ಅಷ್ಟರಲ್ಲಿ ಫೋನ್ ಬಂತು.

"ತಲುಪಿದೆ ಕಣೇ," ಎಂದರು ರಾಮಲಿಂಗಯ್ಯ. "ಮೊದ್ಲು ಪೊರಕೆ ತಗೋ."

ಅವರ ಹಿಂದೆ ಯಾರೋ, "ಸ್ವಲ್ಪ ಜರುಗಿ ಸಾರ್" ಎಂದದ್ದು ಕೇಳಿಸಿತು.

"ಅಲ್ಲೂ ನಮ್ಮ ಕನ್ನಡದೋರು ಅವ್ರೆ!" ಶಕುಂತಲಮ್ಮ ಹಿಗ್ಗಿದರು.

"ಇಷ್ಟು ಬೇಗ ಹೆಂಗಮ್ಮ ಇಳಿದ್ರು?"

"ನಿಮ್ಮಪ್ಪ ಹಿಂದೆ ಕೂತ್ಕೊಂಡು ಅವಸರ ಮಾಡಿರ್ತಾರೆ. ನಡಿ, ಬಕೆಟ್ ತಾ!"

ಸೆರಗು ಸಿಕ್ಕಿಸಿ ಇಬ್ಬರೂ ಗುಡಿಸಿದರು, ಒರೆಸಿದರು, ದೇವರ ಪಟವನ್ನೂ ಬಿಡಲಿಲ್ಲ. ಹನ್ನೆರಡಕ್ಕೆ ಸರಿಯಾಗಿ ನಂದನ್ ಮನೆಯವರು ಬಂದರು. ಅವನ ತಾಯಿ ಮೂಗು ಅರಳಿಸಿದಾಗ ಶಕುಂತಲಮ್ಮನ ಜೀವ ಬಾಯಿಗೆ ಬಂತು.

"ಕಾಫಿ ಘಮ ಚೆನ್ನಾಗೈತೆ," ಎಂದರಾಕೆ. ಲೋಟ ಖಾಲಿ ಮಾಡಿ, ಹುಡುಗಿ ಒಪ್ಪಿಗೆಯೆಂದೂ ಹೇಳಿಯೇ ಎದ್ದರು.

ಅವರ ಕಾರು ತಿರುವು ದಾಟುವಷ್ಟರಲ್ಲಿ ಮತ್ತೆ ಫೋನ್.

"ಒಪ್ಪಿದ್ರಾ?"

"ಒಪ್ಪಿದ್ರು ಕಣ್ರೀ! ಅದಿರ್ಲಿ, ಗುವಾಹಟಿ ಹೆಂಗೈತೆ?"

"ನೋಡಿದ್ಮೇಲೆ ಹೇಳ್ತೀನಿ. ಅಲ್ಲಿ ಮಂಜು ಅಂತ ವಿಮಾನ ಇಷ್ಟೊತ್ತೂ ದೇವನಹಳ್ಳೀಲೇ ನಿಂತಿತ್ತು, ಈಗ ಹತ್ತುತಾ ಇದೀನಿ. ಇನ್ಮೇಲೆ ಪೊರಕೆ ಮುಟ್ಬೇಡ ಕಣೇ!"